ಹಲ್ಲು ಬರುವ ಮುಂಚಿನ ಕನ್ನಡಿ

ನಾನು ಕನ್ನಡಿ ಹೊಲಿಯುತ್ತಿದ್ದೆ ಎಂದರೆ ಜನ ಒಮ್ಮೆ ನನ್ನ ಮುಖ ನೋಡುತ್ತಾರೆ. ಬಟ್ಟೆ ಹೊಲಿಯುವುದು ಗೊತ್ತು, ಚಪ್ಪಲಿ ಹೊಲಿಯುವುದೂ ಗೊತ್ತು, ಕನ್ನಡಿ ಹೊಲಿಯುವುದು ಯಾವ ವಿದ್ಯೆ ಎಂದು ಅನುಮಾನ. ಕುಂಕುಮದ ಬೊಟ್ಟಿಗಿಂತ ತುಸು ದೊಡ್ಡದಾದ ಗಾಜಿನ ಬಿಲ್ಲೆಯನ್ನು ಬಟ್ಟೆಯ ಮೇಲಿಟ್ಟು, ಅದರ ಅಂಚಿನ ಮೇಲೆ ಸುತ್ತಲೂ ದಾರ ಹಾಯಿಸಿ ಅಲುಗದಂತೆ ಕೂರಿಸುವ ಕೆಲಸ ಅದು. ನಾನು ಹೊಲಿದ ಚೀಲ, ದಿಂಬಿನ ಗವಸುಗಳನ್ನು ನಮ್ಮ ಪಕ್ಕದ ಮನೆಯಾಕೆ ಗೋವೆಯ ಕೋಲ್ವಾದ ಸಮುದ್ರದಂಡೆಗೆ ಒಯ್ದು ಪರದೇಶದವರಿಗೆ ಮಾರುತ್ತಿದ್ದಳು. ನಾನು ಹೊಲಿದ ಕನ್ನಡಿ ಯಾವ ದೇಶದಲ್ಲಿದ್ದರೂ ಕಳಚಿ ಬೀಳುವುದಿಲ್ಲ ಎಂಬ ಜಂಬ ನನಗೆ ಭಾಳ ಇತ್ತು. ಈಗಲೂ ಸ್ವಲ್ಪ ಇದೆ.

ವಾಸ್ಕೋದ ಮಂಗೋರ್ ಹಿಲ್‌ನ ಏರಿನಲ್ಲಿ ನಮ್ಮದು ಒಂದೇ ಖೋಲಿಯ ಮನೆ. ಗಂಡ ಸಾಂಕೋಲೆಯ ಒಂದು ಕಾರ್ಖಾನೆಗೆ ಹೋಗುತ್ತಿದ್ದರು. ಓಣಿಗೆಲ್ಲ ಒಂದೋ ಎರಡೋ ಮೊಬೈಲು ಬಂದಿದ್ದ ಕಾಲ. ಆ ಖೋಲಿಯಲ್ಲಿ ಅಕ್ಕಿ ಕಾಳಿಗಿಂತ ಕನ್ನಡಿ ಬಿಲ್ಲೆಗಳೇ ಹೆಚ್ಚಿದ್ದವು. ಬಿಸ್ಕೀಟಿನ ಡಬ್ಬಿಗಳಲ್ಲಿ, ಚಹಾಪುಡಿ ಡಬ್ಬಿಗಳಲ್ಲಿ, ಕಿಟಕಿಯ ಕಟ್ಟೆಯ ಮೇಲೆ, ಎಲ್ಲಿ ನೋಡಿದರೂ ಅವೇ. ಬೆಳಿಗ್ಗೆ ಬಾಗಿಲಿನಿಂದ ಬಿಸಿಲು ಬಂದರೆ ಮಾಡಿನ ತಗಡಿನ ತಳಕ್ಕೆಲ್ಲ ಬೆಳಕಿನ ಚುಕ್ಕೆಗಳು ಮೂಡುತ್ತಿದ್ದವು. ನನಗೆ ಮಗಳು ಹುಟ್ಟಿದಾಗ, ಇವಳು ಕಣ್ಣು ಬಿಟ್ಟು ಇದನ್ನು ನೋಡಿಕೊಂಡೇ ಬೆಳೆಯುತ್ತಾಳೆ ಎಂದು ಹಿಗ್ಗಿದ್ದೆ.

ಅಷ್ಟರಲ್ಲಿ ಅತ್ತೆ ಬಂದರು. ನನ್ನ ತವರಲ್ಲಿ ಬಾಣಂತನ ಮಾಡುವವರು ಯಾರೂ ಇರಲಿಲ್ಲವೆಂದು, ಸಿಂದಗಿ ಕಡೆಯ ಹಳ್ಳಿಯಿಂದ ಬಸ್ಸು ಹತ್ತಿ ಅವರೇ ಬಂದಿದ್ದರು. ಗಂಟು ಇಳಿಸಿದವರು ನನ್ನನ್ನೂ ನೋಡಲಿಲ್ಲ, ಕೂಸನ್ನೂ ನೋಡಲಿಲ್ಲ. ಮೊದಲು ಗೋಡೆ ನೋಡಿದರು, ಆಮೇಲೆ ಡಬ್ಬಿಗಳನ್ನು ನೋಡಿದರು. ಹಲ್ಲು ಬರುವ ತನಕ ಕೂಸಿಗೆ ಕನ್ನಡಿ ತೋರಿಸಬಾರದು ಎಂಬುದು ಅವರ ಮನೆತನದ ಪದ್ಧತಿ. ಯಾಕೆ ಎಂದು ಕೇಳಿದರೆ ಒಂದು ಸಲ ಮಾತು ತಡವಾಗುತ್ತದೆ ಎನ್ನುತ್ತಿದ್ದರು, ಇನ್ನೊಂದು ಸಲ ಹಲ್ಲು ವಕ್ರ ಬರುತ್ತವೆ ಎನ್ನುತ್ತಿದ್ದರು, ಮೂರನೆಯ ಸಲ ಕೇಳಿದರೆ ನನ್ನ ಕಡೆ ನೋಡುತ್ತಿದ್ದರು ಅಷ್ಟೇ.

ಅಂದೇ ಗೋಡೆಯ ಕನ್ನಡಿ ಮುಖ ತಿರುಗಿಸಿಕೊಂಡಿತು. ನನ್ನ ಡಬ್ಬಿಗಳೆಲ್ಲ ಅಟ್ಟ ಸೇರಿದವು. ಗಂಡ ಅಂದಾಜಿನ ಮೇಲೆ ಗಡ್ಡ ಹೆರೆದುಕೊಂಡು ಗದ್ದದ ಮೇಲೆ ಪೇಪರಿನ ಚೂರು ಅಂಟಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ನಾನು ಬೆರಳಿನಿಂದ ತಡಕಾಡಿ ಬೈತಲೆ ತೆಗೆಯುತ್ತಿದ್ದೆ. ಅದು ಮಂಗೋರ್ ಹಿಲ್‌ನ ರಸ್ತೆಯಂತೆ ತಿರುವು ತಿರುವಾಗಿ ಹೋಗಿದೆ ಎಂದು ಪಕ್ಕದ ಮನೆಯಾಕೆ ನಗುತ್ತಿದ್ದಳು. ಆದರೂ ನಾನು ಎದುರಾಡಲಿಲ್ಲ. ಅತ್ತೆ ನನಗೆ ಮಾಡಿದ ಬಾಣಂತನ ಹಾಗಿತ್ತು. ಅಳ್ವಿ ಬೀಜದ ಪಾಯಸ, ಬಿಸಿ ರೊಟ್ಟಿ, ಬೆನ್ನಿಗೆ ಸುರಿಯುವ ಕುದಿ ನೀರು. ಕೂಸನ್ನಂತೂ ಅವರು ನೆಲಕ್ಕೆ ಇಳಿಸುತ್ತಲೇ ಇರಲಿಲ್ಲ. ಎತ್ತಿಕೊಂಡೇ ಒಲೆ ಊದುತ್ತಿದ್ದರು, ಎತ್ತಿಕೊಂಡೇ ನಲ್ಲಿಯ ಪಾಳಿಯಲ್ಲಿ ನಿಂತು ಜಗಳವಾಡುತ್ತಿದ್ದರು.

ತೊಂದರೆ ಶುರುವಾದದ್ದು ಅಲ್ಲಿಂದಲೇ. ಓಣಿಯ ಇನ್ನೊಂದು ಕೂಸು, ನನ್ನ ಮಗಳಿಗಿಂತ ಚಿಕ್ಕದು, ಬೋರಲು ಹಾಕಿದರೆ ತಲೆ ಎತ್ತಿ ಅತ್ತಿತ್ತ ನೋಡುತ್ತಿತ್ತು. ನನ್ನ ಮಗಳನ್ನು ಬೋರಲು ಹಾಕಿದರೆ ಕೆನ್ನೆಯನ್ನು ಚಾಪೆಗೆ ಒತ್ತಿ, ಒಂದು ನಿಟ್ಟುಸಿರು ಬಿಟ್ಟು ನಿದ್ದೆ ಹೋಗುತ್ತಿದ್ದಳು. ಗೋಣು ನಿಲ್ಲಬೇಕಾದ ವೇಳೆ ದಾಟಿದೆ ಎಂದು ಓಣಿಯವರು ನನಗೆ ಕೇಳುವಂತೆಯೇ ಮಾತಾಡಿಕೊಳ್ಳುತ್ತಿದ್ದರು. ನಾನು ಮೇಲೆ ಮೇಲೆ ರೇಗುತ್ತಿದ್ದೆ. ಒಳಗೆ ಹೆದರಿ, ರಾತ್ರಿ ಎದ್ದೆದ್ದು ಕೂಸಿನ ಗೋಣು ಮುಟ್ಟಿ ನೋಡುತ್ತಿದ್ದೆ.

ಚುಚ್ಚುಮದ್ದಿಗೆ ಹೋದಾಗ ಅಲ್ಲಿನ ನರ್ಸಬಾಯಿಗೆ ಎಲ್ಲ ಹೇಳಿದೆ. ಆಕೆ ಗೋವೆಯವಳೇ. ಅರ್ಧ ಕೊಂಕಣಿ ಅರ್ಧ ಹಿಂದಿಯಲ್ಲಿ ಮಾತಾಡುತ್ತ ಕೂಸಿನ ಎರಡೂ ಕೈ ಹಿಡಿದು ಎಳೆದು ನೋಡಿದಳು, ತಿರುಗಿಸಿ ನೋಡಿದಳು, ಆಮೇಲೆ ಡಾಕ್ಟರಿಗೂ ತೋರಿಸಿದಳು. ಹೊತ್ತುಕೊಂಡೇ ತಿರುಗಿದರೆ ಕೂಸು ಗೋಣು ಯಾಕೆ ಎತ್ತಬೇಕು, ಅದಕ್ಕೇನು ಗರಜು ಎಂದು ಕೇಳಿದಳು. ಎಚ್ಚರವಿದ್ದಾಗ ದಿನಾ ಸ್ವಲ್ಪ ಹೊತ್ತು ಬೋರಲು ಹಾಕಿ, ಎದುರಿಗೆ ಕನ್ನಡಿ ಇಡು, ತನ್ನ ಮುಖ ನೋಡುವ ಆಸೆಗೆ ತಲೆ ಎತ್ತುತ್ತದೆ ಎಂದಳು. ಗಾಜಿನದು ಮಾತ್ರ ಬೇಡ, ಏನು ಕೊಟ್ಟರೂ ಅದು ಬಾಯಿಗೇ ಹೋಗುವುದು ಎಂದೂ ಎಚ್ಚರಿಸಿದಳು. ಮುಂದಿನ ಚುಚ್ಚುಮದ್ದಿನ ಹೊತ್ತಿಗೂ ಎತ್ತದಿದ್ದರೆ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದು ಕೊಡುತ್ತೇವೆ ಎಂದು ಡಾಕ್ಟರು ಹೇಳಿದರು.

ದೊಡ್ಡ ಆಸ್ಪತ್ರೆ ಎಂಬ ಮಾತು ಕೇಳಿದ ಮೇಲೆ ಬಸ್ಸಿನಲ್ಲಿ ನನಗೆ ಬೇರೇನೂ ಕಾಣಲಿಲ್ಲ. ಮನೆಗೆ ಬಂದು ಅತ್ತೆಗೆ ಹೇಳಿದೆ. ಬೋರಲು ಹಾಕಲು ಅವರು ಒಪ್ಪಿದರು. ಕನ್ನಡಿಗೆ ಒಪ್ಪಲಿಲ್ಲ. ತಾವು ಐದು ಮಕ್ಕಳನ್ನು ಹೆತ್ತವರು, ಯಾವ ಕೂಸೂ ಕನ್ನಡಿ ನೋಡಿ ಗೋಣು ಎತ್ತಲಿಲ್ಲ, ಎಲ್ಲವೂ ಎಮ್ಮೆ ನೋಡಿ ಎತ್ತಿದವು ಎಂದರು. ಮಂಗೋರ್ ಹಿಲ್‌ನಲ್ಲಿ ಎಮ್ಮೆ ಎಲ್ಲಿಂದ ತರಲಿ ಎಂದು ನಾನು ಕೇಳಿದೆ.

ಎದುರಾಡಿ ಗೆಲ್ಲದ ಸೊಸೆ ಕಳ್ಳಿಯಾಗುತ್ತಾಳೆ. ನಾನೂ ಆದೆ. ಅತ್ತೆ ನೀರಿಗೆ ಹೋದಾಗಲೆಲ್ಲ ಅಟ್ಟದಿಂದ ಡಬ್ಬಿ ಇಳಿಸಿ, ದಿನಕ್ಕಿಷ್ಟರಂತೆ ಅಂಗೈಯಗಲದ ಮೆತ್ತನೆಯ ದಿಂಬು ಹೊಲಿದು, ಅದರ ತುಂಬ ಬಿಲ್ಲೆಗಳನ್ನು ಕೂರಿಸಿದೆ. ನರ್ಸಬಾಯಿ ಗಾಜು ಬೇಡ ಎಂದದ್ದು ಬೇರೆಯವರ ಗಾಜಿಗೆ, ನಾನು ಹೊಲಿದದ್ದಕ್ಕಲ್ಲ ಎಂದು ನನ್ನ ಜಂಬ ನನಗೆ ಹೇಳಿತು. ನನ್ನ ಕಟ್ಟು ಕಿತ್ತುಬರುವ ಮಾತೇ ಇರಲಿಲ್ಲ. ಒಂದೊಂದು ಬಿಲ್ಲೆಗೂ ದಾರ ಎರಡು ಸುತ್ತು ಹಾಕಿದ್ದೆ. ಆದರೂ ಬಾಯಿಗೇ ಹೋಗುವುದು ಎಂಬ ಮಾತು ಕಿವಿಯಲ್ಲಿತ್ತು. ಹಾಗಾಗಿ ಕೂಸಿಗೆ ಕೊಡುವ ಮುಂಚೆ ನಾನೇ ಪರೀಕ್ಷೆ ಮಾಡೋಣ ಎಂದು ಚಾಪೆಯ ಮೇಲೆ ಕುಳಿತು, ಕೂಸು ಚೀಪುವ ಹಾಗೆಯೇ ಅದನ್ನು ಚೀಪತೊಡಗಿದೆ.

ನೀರಿನ ಕೊಡ ಹೊತ್ತ ಅತ್ತೆ ಬಾಗಿಲಲ್ಲಿ ನಿಂತದ್ದು ನನಗೆ ಗೊತ್ತಾಗಲಿಲ್ಲ. ಅವರಿಗೆ ಕಂಡದ್ದು ಇಷ್ಟು: ಸೊಸೆ ಕಣ್ಣು ಮುಚ್ಚಿಕೊಂಡು ದಿಂಬು ತಿನ್ನುತ್ತಿದ್ದಾಳೆ.

“ಯವ್ವಾ, ಹೊಟ್ಟಿಗಿ ಸಾಕಾಗಿಲ್ಲೇನ? ಇನ್ನೊಂದು ರೊಟ್ಟಿ ಬಡೀಲ್ಯಾ?” ಅಂದರು. ದನಿಯಲ್ಲಿ ಗಾಬರಿ ಇತ್ತು. ಬಾಣಂತಿಗೆ ಏನೋ ಬಡಿದಿದೆ ಎಂದೇ ಅವರು ತಿಳಿದದ್ದು.

ನಾನು ಉತ್ತರ ಕೊಡಲು ಬಾಯಿ ತೆರೆದೆ. ನಾಲಿಗೆಯ ಮೇಲೆ ತಣ್ಣಗೆ ಏನೋ ಜಾರಿತು. ಬೆರಳಿನಿಂದ ತೆಗೆದು ನೋಡಿದರೆ ಒಂದು ಬಿಲ್ಲೆ. ನೆನೆದ ದಾರ ಸಡಿಲಾಗಿ, ನನ್ನ ಎರಡು ಸುತ್ತಿನ ಕಟ್ಟಿನಿಂದ ಗಾಜು ಪಾರಾಗಿ ಬಂದಿತ್ತು. ದಂಡೆಯ ಮೇಲೆ ಚೀಲ ಕೊಳ್ಳುವ ಪರದೇಶದವರು ಯಾರೂ ಅದನ್ನು ಚೀಪುವುದಿಲ್ಲ, ಹಾಗಾಗಿ ಇದು ನನಗೆ ಯಾವತ್ತೂ ತಿಳಿದಿರಲಿಲ್ಲ. ಇದು ಕೂಸಿನ ಗಂಟಲಿಗೆ ಹೋಗಿದ್ದರೆ ಎಂದು ನೆನೆದು ನನಗೆ ಅಳು ಬಂತು. ಅತ್ತೆ ಕೊಡ ಇಳಿಸಿ, ನನ್ನ ಬಾಯಿ ತೆರೆಸಿ, ಎಲ್ಲಾದರೂ ಕೊಯ್ದಿದೆಯೇ ಎಂದು ನೋಡಿದರು. ಕೊಯ್ದಿರಲಿಲ್ಲ. ಆಮೇಲೆ ಬೈದರು. ಬೈಗುಳ ಮುಗಿದ ಮೇಲೆ ಎರಡು ರೊಟ್ಟಿ ಬಡಿದು ತಿನ್ನಿಸಿದರು.

ಅಂದಿನಿಂದ ಕಳ್ಳತನ ಬೇಕಾಗಲಿಲ್ಲ, ವಾದ ಬಹಿರಂಗವಾಯಿತು. ಕನ್ನಡಿ ಎಂದರೆ ಏನು ಎಂಬುದೇ ಮೊದಲ ಪ್ರಶ್ನೆ. ಗಂಡ ತಾವು ಉಣ್ಣುವ ಸ್ಟೀಲಿನ ಗಂಗಾಳವನ್ನು ಬೂದಿ ಹಚ್ಚಿ ತಿಕ್ಕಿ ತಂದು, ಇದು ಒಡೆಯುವುದಿಲ್ಲ, ಅಂಚೂ ಮೊಂಡಾಗಿದೆ, ಇದನ್ನು ಇಡೋಣವೇ ಎಂದು ತಾಯಿಯನ್ನು ಕೇಳಿದರು. ಅತ್ತೆ ಗಂಗಾಳವನ್ನು ಹಿಡಿದು ತಮ್ಮ ಮುಖ ನೋಡಿಕೊಂಡರು. ಮೂಗು ಎಲ್ಲಿದೆ ಕೆನ್ನೆ ಎಲ್ಲಿದೆ ತಿಳಿಯದಂತೆ ಹರಡಿತ್ತು. ಮೂಗು ನೆಟ್ಟಗೆ ಕಂಡರೆ ಕನ್ನಡಿ, ಕಾಣದಿದ್ದರೆ ಪಾತ್ರೆ ಎಂದು ತೀರ್ಪು ಕೊಟ್ಟರು. ಗಂಗಾಳ ಪಾಸಾಯಿತು. ಮಗಳ ಮುಂದೆ ನಿಲ್ಲಿಸಿದೆವು. ಅದು ಜಾರಿ ದಢಾರೆಂದು ನೆಲಕ್ಕೆ ಬಿತ್ತು. ಅವಳು ಬೆಚ್ಚಿ, ಅತ್ತು, ಮತ್ತೆ ಕೆನ್ನೆಯನ್ನು ಚಾಪೆಗೊತ್ತಿ ಮಲಗಿದಳು. ಗಂಗಾಳದಲ್ಲಿ ನೋಡಲು ಅವಳಿಗೆ ಏನೂ ಇರಲಿಲ್ಲ.

ಕೊನೆಗೆ ಅತ್ತೆ ಒಂದು ಹೆಜ್ಜೆ ಇಳಿದರು. ಕನ್ನಡಿ ಬೇಕಾದರೆ ತಂದಿಡಿ, ಹಲ್ಲು ಬಂದ ದಿನ ತೋರಿಸೋಣ ಎಂದರು. ಆ ದಿನದಿಂದ ಬೆಳಿಗ್ಗೆ ಎಣ್ಣೆ ಹಚ್ಚುವಾಗ ಕೂಸಿನ ಒಸಡಿನ ಮೇಲೆ ಬೆರಳಾಡಿಸಿ ನೋಡುವುದು ಅವರ ಮೊದಲ ಕೆಲಸವಾಯಿತು. ಹಲ್ಲು ಬರುವ ವಯಸ್ಸೇ ಅಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಗೋಣಿಗೂ ಎಣ್ಣೆ ತಿಕ್ಕುತ್ತಿದ್ದರು, ತಿಕ್ಕುತ್ತ ತಿಕ್ಕುತ್ತ ಮಾತು ಕಡಿಮೆ ಮಾಡುತ್ತಿದ್ದರು. ನನ್ನಷ್ಟೇ ಅವರೂ ಹೆದರಿದ್ದಾರೆ ಎಂದು ನನಗೆ ಆಗ ತಿಳಿಯಿತು.

ಭಾನುವಾರ ನಾನು ಗಂಡನನ್ನು ಎಳೆದುಕೊಂಡು ವಾಸ್ಕೋ ಪೇಟೆಗೆ ಹೋದೆ. ಆಟಿಕೆ ಕೊಳ್ಳಲು ನನ್ನ ಜೊತೆ ಬರುವುದು ಗಂಡನಿಗೆ ಶಿಕ್ಷೆಯೇ ಸರಿ, ಈಗಲೂ ಹಾಗೇ ಹೇಳುತ್ತಾರೆ. ಮೊದಲ ಅಂಗಡಿಯಲ್ಲಿ ಕನ್ನಡಿ ಇದ್ದ ಗಿಲಕಿ ತೋರಿಸಿದರು. ಕೆನ್ನೆಗೆ ಒತ್ತಿ ನೋಡಿದೆ. ತಣ್ಣಗಿತ್ತು, ಗಾಜು. ಅಂಗಡಿಯವನು ಅದು ಪ್ಲಾಸ್ಟಿಕ್ಕೇ ಎಂದು ಆಣೆ ಮಾಡಿದ. ದಿನವಿಡೀ ಗಾಜು ಹಿಡಿಯುವವಳಿಗೆ ಆಣೆ ಯಾಕೆ ಬೇಕು, ಇಟ್ಟು ಹೊರಬಂದೆ. ಎರಡನೆಯ ಅಂಗಡಿಯದು ಚಿಟ್ಟೆಯ ಆಕಾರದ ಕನ್ನಡಿ. ಪ್ಲಾಸ್ಟಿಕ್ಕೇ ಹೌದು, ಆದರೆ ಮೂಲೆಯಲ್ಲಿ ಉಗುರು ಹಾಕಿದರೆ ಬೆಳ್ಳಿಯ ಹಾಳೆ ಸಿಪ್ಪೆಯಂತೆ ಎದ್ದು ಬಂತು. ಅಂಗಡಿಯವನ ಮುಖ ನೋಡಿ ಗಂಡ ನನ್ನನ್ನು ಬೇಗ ಬೇಗ ಹೊರಗೆ ಕರೆದುಕೊಂಡು ಬಂದರು. ಇನ್ನೊಂದಕ್ಕೆ ಬಣ್ಣದ ವಾಸನೆ ಹೊಡೆಯುತ್ತಿತ್ತು. ಮತ್ತೊಂದಕ್ಕೆ ತೂಗುಹಾಕಲು ಉದ್ದನೆಯ ದಾರ, ಅದು ಕೂಸಿನ ಕೊರಳಿಗೆ ಸುತ್ತಿಕೊಂಡರೆ ಏನು ಗತಿ. ಒಂದಕ್ಕೆ ಅಂಚಿನಲ್ಲಿ ಮಣಿಗಳು. ಚಂದ ಇದ್ದವು, ಎಳೆದರೆ ಒಂದು ಕೈಗೆ ಬಂತು. ಅದನ್ನು ಮೆಲ್ಲಗೆ ಅಲ್ಲೇ ಇಟ್ಟೆ.

ಹಳೆಯ ಕಟ್ಟಡವೊಂದರ ಕೆಳಗೆ ವಯಸ್ಸಾದ ಗೋವೆಯ ಹೆಂಗಸೊಬ್ಬಳು ಮಕ್ಕಳ ಸಾಮಾನಿನ ಅಂಗಡಿ ಇಟ್ಟಿದ್ದಳು. ಫ್ರಾಕು ತೊಟ್ಟು, ಕನ್ನಡಕ ಮೂಗಿನ ತುದಿಗೆ ಇಳಿಸಿ ಲೇಸು ಹೆಣೆಯುತ್ತ ಕುಳಿತಿದ್ದಳು. ಅವಳಲ್ಲಿ ಒಂದೇ ಒಂದು ಕನ್ನಡಿ ಇತ್ತು. ಪುಸ್ತಕದಷ್ಟಗಲ, ಸುತ್ತ ಹಳದಿ ಬಟ್ಟೆಯ ದಪ್ಪ ಅಂಚು, ಹಿಂದೆ ತ್ರಿಕೋನದಂಥ ಮೆತ್ತೆ, ಅದರಿಂದ ತಾನೇ ಓರೆಯಾಗಿ ನಿಲ್ಲುತ್ತಿತ್ತು. ಕೆನ್ನೆಗೆ ಒತ್ತಿದೆ, ತಣ್ಣಗಿರಲಿಲ್ಲ. ಮೂಸಿದೆ. ಉಗುರು ಹಾಕಿದೆ. ಅಂಚನ್ನು ತಿರುಗಿಸಿ ಹೊಲಿಗೆ ನೋಡಿದೆ, ಒತ್ತೊತ್ತಾಗಿ ಎರಡು ಸಾಲು. ಎರಡೂ ಕೈಯಿಂದ ಜಗ್ಗಿದೆ. ಆಮೇಲೆ ನೆಲಕ್ಕೆ ಒಗೆದು ನೋಡಲೇ ಎಂದು ಹಿಂದಿಯಲ್ಲಿ ಕೇಳಿದೆ. ಗಂಡ ರಸ್ತೆಯ ಕಡೆ ಮುಖ ಮಾಡಿ, ನಾನು ಯಾರೋ ತಾವು ಯಾರೋ ಎಂಬಂತೆ ನಿಂತರು. ಮುದುಕಿ ಲೇಸು ಬದಿಗಿಟ್ಟು, ಒಗೆ, ಒಡೆದರೆ ನೀನೇ ಒಯ್ಯಬೇಕು, ಒಡೆಯದಿದ್ದರೂ ನೀನೇ ಒಯ್ಯಬೇಕು ಎಂದಳು. ನಾನು ಒಗೆದೆ. ಅದು ಒಮ್ಮೆ ಪುಟಿದು ಬಿತ್ತು, ಗೀರು ಕೂಡ ಬೀಳಲಿಲ್ಲ. ಇದ್ದುದರಲ್ಲಿ ಇದೇ ಸರಿ ಎಂದು ಮನಸ್ಸು ತುಂಬಿ ಬಂತು. ನನ್ನ ಮುಖ ಅದರಲ್ಲಿ ನೆಟ್ಟಗೆ ಕಂಡಿತು, ಮೂಗು ಸಮೇತ. ಬೈತಲೆಯೂ ಕಂಡಿತು, ಪಕ್ಕದ ಮನೆಯಾಕೆ ಹೇಳಿದ್ದು ಸುಳ್ಳಾಗಿರಲಿಲ್ಲ.

ಮನೆಗೆ ತಂದು, ಬಿಸಿ ನೀರಲ್ಲಿ ಒರೆಸಿ, ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದೆ. ಹಲ್ಲು ಬರಲಿ ಎಂದು ಕಾಯುವುದೊಂದೇ ಉಳಿಯಿತು. ಇತ್ತ ಚುಚ್ಚುಮದ್ದಿನ ದಿನ ಹತ್ತಿರ ಬರುತ್ತಿತ್ತು. ಮಗಳು ಬೋರಲು ಮಲಗಿ ಮೂಗಿನಿಂದ ಚಾಪೆ ಉಜ್ಜುತ್ತಿದ್ದಳು. ಒಮ್ಮೊಮ್ಮೆ ಒಂದಿಷ್ಟು ಎತ್ತಿದಂತೆ ಮಾಡಿ, ಯಾಕಪ್ಪ ಈ ಉಸಾಬರಿ ಎಂಬಂತೆ ಬಿಟ್ಟುಬಿಡುತ್ತಿದ್ದಳು. ಅತ್ತೆಯನ್ನು ಧಿಕ್ಕರಿಸಿ ಕನ್ನಡಿ ಇಳಿಸಲು ನನಗೆ ಧೈರ್ಯವಿರಲಿಲ್ಲ ಎಂದಲ್ಲ. ನನ್ನನ್ನು ಮಗಳಂತೆ ಸಾಕಿದವರ ಎದುರು ಅದು ಮನಸ್ಸಿಗೆ ಒಗ್ಗಲಿಲ್ಲ.

ಆ ಬೆಳಿಗ್ಗೆ ನಾನು ಹೊರಗೆ ಬಟ್ಟೆ ಒಗೆಯುತ್ತಿದ್ದೆ. ಅತ್ತೆ ಎಂದಿನಂತೆ ಕೂಸಿಗೆ ಎಣ್ಣೆ ಹಚ್ಚಿ ಬೋರಲು ಹಾಕಿ, ಎದುರು ಕುಳಿತು ಚಪ್ಪಾಳೆ ತಟ್ಟುತ್ತ, ಎಮ್ಮೆಯಂತೆ ಕೂಗುತ್ತ, ಎತ್ತವ್ವಾ ಎತ್ತು ಎಂದು ಗೋಗರೆಯುತ್ತಿದ್ದುದು ನನಗೆ ಕೇಳುತ್ತಿತ್ತು. ಆಮೇಲೆ ಅವರು ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದು, ನಲ್ಲಿಯ ಹತ್ತಿರ ಇದ್ದವರಿಗೆಲ್ಲ ಕೇಳುವಂತೆ ಸಾರಿದರು.

“ನಮ್ಮ ಕೂಸಿಗಿ ಹಲ್ಲು ಬಂದೈತಿ.”

ಸೋಪಿನ ಕೈ ಸೀರೆಗೆ ಒರೆಸಿಕೊಂಡು ಓಡಿದೆ. ಕೂಸಿನ ಬಾಯಲ್ಲಿ ಬೆರಳಿಟ್ಟೆ. ಮೇಲೆ ಮೆತ್ತಗೆ, ಕೆಳಗೂ ಮೆತ್ತಗೆ. ಮತ್ತೊಮ್ಮೆ ನೋಡಿದೆ. ಏನೂ ಇರಲಿಲ್ಲ.

“ಅತ್ತಿ, ಎಲ್ಲೈತ್ರಿ?”

“ಸೂಜಿ ಹಿಡದು ಹಿಡದು ನಿನ್ನ ಬೆರಳು ಜಡ್ಡುಗಟ್ಟ್ಯಾವ. ನಿನಗ ತಿಳ್ಯಾಂಗಿಲ್ಲ,” ಅಂದರು. ನನ್ನ ಮುಖ ನೋಡಲಿಲ್ಲ. ಕೂಸನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸಿ, “ಕನ್ನಡಿ ಇಳಸು,” ಅಂದರು.

ನಾನು ಬಾಗಿಲ ಕಂಬ ಹಿಡಿದು ನಿಂತುಬಿಟ್ಟೆ. ಈ ಹೆಂಗಸು ಸುಳ್ಳು ಹೇಳಿದ್ದನ್ನು ನಾನು ನೋಡಿರಲಿಲ್ಲ. ನಲ್ಲಿಯ ಪಾಳಿಯಲ್ಲಿ ಒಂದು ಕೊಡ ಹಿಂದೆ ಮುಂದೆ ಆದರೂ ಸತ್ಯಕ್ಕಾಗಿ ಊರು ಕೂಡಿಸುವವರು. ಪದ್ಧತಿ ಮುರಿಯುವುದು ಅವರಿಂದ ಆಗುತ್ತಿರಲಿಲ್ಲ, ಮೊಮ್ಮಗಳನ್ನು ಹಾಗೇ ಮಲಗಿಸಿ ನೋಡುವುದೂ ಆಗುತ್ತಿರಲಿಲ್ಲ. ಹಾಗಾಗಿ ಹಲ್ಲನ್ನೇ ತರಿಸಿಬಿಟ್ಟಿದ್ದರು. ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ನಮ್ಮಲ್ಲಿ ಅತ್ತೆಯನ್ನು ಹಾಗೆ ತಬ್ಬಿಕೊಳ್ಳುವುದಿಲ್ಲ, ಹಾಗಾಗಿ ಅಟ್ಟ ಹತ್ತಿದೆ.

ಹಲ್ಲು ಬಂದರೆ ಓಣಿ ಸುಮ್ಮನಿರುತ್ತದೆಯೇ. ಪಕ್ಕದ ಮನೆಯಾಕೆ, ಅವಳ ಹಿಂದೆ ಇನ್ನಿಬ್ಬರು, ಹಲ್ಲು ನೋಡಲು ಬಂದರು. ಅತ್ತೆ ಕೂಸಿನ ಬಾಯಿಗೆ ಸೆರಗು ಮುಚ್ಚಿ, ದೃಷ್ಟಿ ತಾಗುತ್ತದೆ, ಯಾರಿಗೂ ತೋರಿಸುವುದಿಲ್ಲ ಎಂದು ಬಾಗಿಲಲ್ಲೇ ತಡೆದರು. ತಮ್ಮ ಗಂಟಿನಿಂದ ಚುರುಮುರಿ, ಬೆಲ್ಲ ತೆಗೆದು ಎಲ್ಲರ ಉಡಿಗೂ ಹಾಕಿ ಕಳಿಸಿದರು. ಸುಳ್ಳನ್ನು ಇಷ್ಟು ಅಚ್ಚುಕಟ್ಟಾಗಿ ಮಾಡಿದವರನ್ನು ನಾನು ಆಮೇಲೂ ಕಂಡಿಲ್ಲ. ಪಕ್ಕದ ಮನೆಯಾಕೆ ಹೋಗುವಾಗ ನನಗೆ ಕಣ್ಣು ಹೊಡೆದಳು.

ಚಾಪೆ ಹಾಸಿ ಮಗಳನ್ನು ಬೋರಲು ಹಾಕಿದೆ. ಎದುರಿಗೆ ಕನ್ನಡಿ ಇಟ್ಟೆ. ಅವಳು ರೂಢಿಯಂತೆ ಕೆನ್ನೆ ನೆಲಕ್ಕೊತ್ತಿದಳು. ಅತ್ತೆ ಸೀರೆ ಸರಿಮಾಡಿಕೊಂಡು, ಆ ವಯಸ್ಸಿನಲ್ಲಿ, ಕೂಸಿನ ಪಕ್ಕದಲ್ಲಿ ತಾವೂ ಬೋರಲು ಮಲಗಿದರು. ಕನ್ನಡಿಯಲ್ಲಿ ಅವರ ಮುಖ ಬಂತು, ಹಣೆಯ ವಿಭೂತಿ, ಮೂಗಿನ ನತ್ತು. ನತ್ತಿನ ಕಲ್ಲಿಗೆ ಬಾಗಿಲ ಬೆಳಕು ಬಿದ್ದು ಮಿನುಗಿತು. ಮಗಳ ಒಂದು ಕಣ್ಣು ಅಲ್ಲಿಗೆ ಹೋಯಿತು. ನೆಲಕ್ಕೊತ್ತಿದ್ದ ಇನ್ನೊಂದು ಕಣ್ಣಿಗೂ ಅದು ಬೇಕಾಯಿತು.

ತಲೆ ನೆಲದಿಂದ ಬಿಟ್ಟಿತು. ನಡುಗಿತು, ಎಡಕ್ಕೆ ವಾಲಿತು, ಬೀಳುತ್ತದೆ ಎನ್ನುವಷ್ಟರಲ್ಲಿ ಮತ್ತೆ ಎದ್ದಿತು. ನಾನು ಕೈ ಚಾಚಿದೆ, ಅತ್ತೆ ನನ್ನ ಕೈ ಹಿಡಿದು ತಡೆದರು. ಮಗಳು ಗೋಣೆತ್ತಿ ಕನ್ನಡಿಯೊಳಗೆ ಅಜ್ಜಿಯನ್ನು ನೋಡಿದಳು, ಅಜ್ಜಿಯ ಪಕ್ಕದಲ್ಲಿದ್ದ ಬೋಳುತಲೆಯ ಕೂಸನ್ನು ನೋಡಿದಳು. ಇದ್ಯಾವುದು ಹೊಸದು ಎಂಬಂತೆ ಹುಬ್ಬು ಕೂಡಿಸಿದಳು. ಆಮೇಲೆ ಆ ಹೊಸದರ ಕಡೆ ನೋಡಿ ಬಾಯಿ ಪೂರಾ ತೆರೆದು ನಕ್ಕಳು. ನಾನೂ ಮಗಳ ಇನ್ನೊಂದು ಪಕ್ಕ ನೆಲಕ್ಕೆ ಒರಗಿದೆ. ಪುಸ್ತಕದಷ್ಟಗಲದ ಕನ್ನಡಿಯಲ್ಲಿ ಮೂರು ಮುಖಗಳು ಒತ್ತೊತ್ತಾಗಿ ಕುಳಿತವು. ಎಲ್ಲದರ ನಡುವೆ, ಎಲ್ಲಕ್ಕಿಂತ ದೊಡ್ಡದಾಗಿ, ನನ್ನ ಮಗಳ ತೆರೆದ ಬಾಯಿ. ಮೇಲೂ ಕೆಳಗೂ ಗುಲಾಬಿ ಒಸಡು, ಬೇರೇನೂ ಇಲ್ಲ.

ಅತ್ತೆಯ ಕಣ್ಣು ತುಂಬಿತ್ತು.

“ನೋಡು,” ಅಂದರು, “ಹಲ್ಲು ಎಷ್ಟು ಚಂದ ಕಾಣಾಕತ್ತೈತಿ.”

“ಹೌದ್ರಿ ಅತ್ತಿ,” ಅಂದೆ ನಾನು, “ನನಗೂ ಕಾಣಾಕತ್ತೈತ್ರಿ.”